ಬೆಕ್ಕಿನ ಉಗುರೂ ಮಾವನವರ ಕುರ್ಚಿಯೂ

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಬೆಂಗಳೂರಿನ ಸೋದರಿಯೊಬ್ಬರು ಬರೆದದ್ದು ಎಲ್ಲಕ್ಕಿಂತಲೂ ಉದ್ದವಾಗಿದ್ದಿತು. ಅವರು ಅದರಲ್ಲಿ ಅಡಿಗೆಯ ವಿಚಾರವನ್ನಾಗಲಿ ಹೊಲಿಗೆಯ ವಿಚಾರವನ್ನಾಗಲಿ ಕೇಳಿಲ್ಲ. ಒಂದು ಬೆಕ್ಕಿನ ವಿಚಾರವಾಗಿ ಕೇಳಿರುವರು. ಪರಲೋಕಗತರಾದ ಅವರ ಮಾವನವರದೊಂದು ಆರಾಮಕುರ್ಚಿಯು ಮನೆಯಲ್ಲಿ ಇರುವುದಂತೆ. ಬೀಟೆಯ ಮರದ್ದು, ಬೆತ್ತದಿಂದ ಹೆಣೆದದ್ದು. ಪ್ರತಿದಿನವೂ ಸಂಜೆ ದೀಪ ಹಚ್ಚಿದ ತರುವಾಯ ಅತ್ತೆಯವರು ಆ ಕುರ್ಚಿಯ ಕೈಯನ್ನು ಸೆರಗಿನಿಂದ ಒಮ್ಮೆ ಒರಸಿಯೇ ಒಳಕ್ಕೆ ಹೋಗುವುದು ವಾಡಿಕೆ. ಎರಡು ವರ್ಷಗಳ ಹಿಂದೆ, ಮಳೆಯಲ್ಲಿ ನೆನೆದು ಬಾಗಿಲಲ್ಲಿ ಕೂತಿದ್ದ ಬೆಕ್ಕಿನ ಮರಿಯೊಂದನ್ನು ಅವರ ಮಗಳು ಒಳಗೆ ತಂದು ಸಾಕಿಕೊಂಡಳು. ಆ ಮರಿಯು ಈಗ ಬೆಳೆದು ದೊಡ್ಡದಾಗಿ, ಮನೆಯಲ್ಲಿ ಬೇರೆ ಎಷ್ಟೋ ಸಾಮಾನುಗಳಿದ್ದರೂ ಅವನ್ನೆಲ್ಲ ಬಿಟ್ಟು, ಆ ಕುರ್ಚಿಯ ಕಾಲುಗಳನ್ನೂ ಬೆನ್ನಿನ ಬೆತ್ತವನ್ನೂ ಕೆರೆದು ಕೆರೆದು ಎಳೆ ಎಳೆಯಾಗಿ ಬಿಡಿಸಿಹಾಕಿದೆ. ಅತ್ತೆಯವರು ಏನೂ ಆಡುವುದಿಲ್ಲ. ಅವರು ಆಡದಿರುವುದೇ ಸೊಸೆಗೆ ಹೆಚ್ಚಿನ ಸಂಕಟವಾಗಿದೆ. ಇದು ಒಂದು ತಿಂಗಳೊಳಗೆ ನಿಲ್ಲದಿದ್ದರೆ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಎಲ್ಲಿಯಾದರೂ ದೂರದ ಮಾರುಕಟ್ಟೆಯ ಬಳಿ ಬಿಟ್ಟುಬರುವುದಾಗಿ ಯಜಮಾನರು ಹೇಳಿರುವರು. ಅಂದಿನಿಂದ ಎಂಟು ವರ್ಷದ ಮಗು ಸರಿಯಾಗಿ ಊಟಮಾಡುತ್ತಿಲ್ಲ. ಕುರ್ಚಿಯೂ ಉಳಿಯಬೇಕು, ಬೆಕ್ಕೂ ಉಳಿಯಬೇಕು, ಇದಕ್ಕೆ ದಾರಿಯುಂಟೆ ಎಂದು ಸೋದರಿಯವರು ಕೇಳಿರುವರು.

ದಾರಿಯುಂಟು. ಆದರೆ ಅದನ್ನು ಹೇಳುವುದಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಬೆಕ್ಕು ಕೆರೆಯುವುದನ್ನು ನಿಲ್ಲಿಸುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ. ಅದು ಕೆರೆಯುವ ಸ್ಥಳವನ್ನು ಬದಲಾಯಿಸುವುದಾದರೋ, ಸ್ವಲ್ಪ ತಾಳ್ಮೆಯುಳ್ಳ ಯಾರಿಂದಲಾದರೂ ಆಗುವುದು. ಈ ಭೇದವನ್ನು ಅರಿಯದೆ ಬಹುಮಂದಿ ಬೆಕ್ಕಿನ ಮೇಲೆ ಮುನಿಯುತ್ತಾರೆ. ಬೆಕ್ಕೂ ಕಷ್ಟಪಡುವುದು, ಅವರೂ ಕಷ್ಟಪಡುವರು, ಸಾಮಾನು ಹಾಳಾಗುವುದು ಮಾತ್ರ ತಪ್ಪುವುದಿಲ್ಲ.

ಬೆಕ್ಕಿಗೆ ಮುಂಗಾಲೊಂದಕ್ಕೆ ಐದರಂತೆ, ಹಿಂಗಾಲೊಂದಕ್ಕೆ ನಾಲ್ಕರಂತೆ, ಸಾಮಾನ್ಯವಾಗಿ 18 ಉಗುರುಗಳಿರುವುವು. ಅವು ಬೆಳೆಯುವ ರೀತಿಯೇ ನಮ್ಮ ಉಗುರಿಗಿಂತ ಬೇರೆ. ಈರುಳ್ಳಿಯಲ್ಲಿರುವಂತೆ ಒಳಗೆ ಹೊಸ ಪದರವು ಮೂಡುತ್ತ, ಹೊರಗಿನ ಹಳೆಯ ಪೊರೆಯು ಸಡಿಲವಾಗುತ್ತ ಬರುವುದು. ಒರಟಾದ ವಸ್ತುವಿಗೆ ಉಗುರನ್ನು ಸಿಕ್ಕಿಸಿ ಎಳೆದಾಗ ಆ ಪೊರೆಯು ಕಳಚಿಬಿದ್ದು ಕೆಳಗಿನ ಹರಿತವಾದ ಉಗುರು ಹೊರಬೀಳುವುದು. ಕುರ್ಚಿಯ ಕೆಳಗೆ ಗುಡಿಸುವಾಗ ಬಿದಿಗೆಯ ಚಂದ್ರನಂತೆ ಬಾಗಿದ ಸಣ್ಣ ಸಿಪ್ಪೆಗಳು ಸಿಕ್ಕುವುದುಂಟಷ್ಟೆ. ಅವು ಈ ಪೊರೆಗಳೇ ಹೊರತು ಮುರಿದ ಉಗುರುಗಳಲ್ಲ. ಇದಲ್ಲದೆ, ನಿದ್ದೆಯಿಂದ ಎದ್ದ ಬೆಕ್ಕು ಮೈಮುರಿಯಬೇಕು. ಎತ್ತರವಾದ ಯಾವುದಾದರೊಂದಕ್ಕೆ ಮುಂಗಾಲುಗಳನ್ನು ಊರಿ, ಬೆನ್ನನ್ನು ಕೆಳಕ್ಕೆ ಜಗ್ಗಿ, ಭುಜದಿಂದ ಬಾಲದವರೆಗೂ ಮೈಯನ್ನು ನೀಡಿಕೊಂಡಾಗಲೇ ಅದಕ್ಕೆ ನೆಮ್ಮದಿ. ಆದುದರಿಂದಲೇ ಎದ್ದ ಕೂಡಲೆ ಅದು ಕೆರೆಯುವುದಕ್ಕೆ ಹೋಗುವುದು.

ಮೂರನೆಯ ಕಾರಣವೊಂದಿದೆ, ಈ ಸೋದರಿಯವರ ಪ್ರಶ್ನೆಗೆ ಮುಖ್ಯವಾದದ್ದು ಅದೇ. ಬೆಕ್ಕಿನ ಅಂಗಾಲಿನಲ್ಲಿ, ಬೆರಳುಗಳ ನಡುವೆ, ವಾಸನೆಯನ್ನು ಬಿಡುವ ಗ್ರಂಥಿಗಳಿರುವುವು. ಆ ವಾಸನೆಯು ನಮ್ಮ ಮೂಗಿಗೆ ತಿಳಿಯುವುದಿಲ್ಲ, ಬೆಕ್ಕಿಗೆ ಚೆನ್ನಾಗಿ ತಿಳಿಯುವುದು. ನಾಗರಹೊಳೆ, ಬಂಡೀಪುರಗಳ ಕಾಡುಗಳಲ್ಲಿ ಹುಲಿಯು ಮರದ ಬೊಡ್ಡೆಯ ಮೇಲೆ ಉದ್ದುದ್ದವಾಗಿ ಗೀರಿ, ಈ ಸೀಮೆ ನನ್ನದೆಂದು ಗುರುತುಮಾಡುವುದನ್ನು ಕಾಡು ಬಲ್ಲವರೆಲ್ಲರೂ ಅರಿತಿರುವರು. ಅದೇ ಕುಲದ ಈ ಚಿಕ್ಕ ಪ್ರಾಣಿಯು ಮಾಡುವುದೂ ಅದನ್ನೇ. ತನ್ನ ಗುರುತನ್ನು ಅದು ಮೂಲೆಯಲ್ಲಿ ಬಚ್ಚಿಡುವುದಿಲ್ಲ. ಮನೆಯವರು ಓಡಾಡುವ, ಕೂಡುವ ಜಾಗದಲ್ಲಿ, ಎಲ್ಲಕ್ಕೂ ಎದ್ದುಕಾಣುವ ವಸ್ತುವಿನ ಮೇಲೆಯೇ ಇಡುವುದು. ನಡುಮನೆಯಲ್ಲಿ ಬಾಗಿಲಿಗೆದುರಾಗಿರುವ ಕುರ್ಚಿ, ಎಲ್ಲರ ಕೈ ಸೋಕಿದ ಕುರ್ಚಿ, ಭಾರವಾದ್ದರಿಂದ ಎಳೆದರೆ ಅಲುಗದ ಕುರ್ಚಿ, ಉಗುರು ಸಿಕ್ಕುವ ಹಾಗೆ ಹೆಣೆದ ಬೆತ್ತದ ಕುರ್ಚಿ: ಇಷ್ಟೆಲ್ಲ ಲಕ್ಷಣಗಳೂ ಒಂದೆಡೆ ಕೂಡಿದ ವಸ್ತುವು ಬೇರೆ ಯಾವುದಿದ್ದೀತು? ಅತ್ತೆಯವರು ದಿನವೂ ಮುಟ್ಟುವ ವಸ್ತುವನ್ನೇ ಈ ಬೆಕ್ಕು ಹಟದಿಂದ ಆರಿಸಿಕೊಂಡಿತೆಂದು ಯಜಮಾನರು ಎಣಿಸಿರುವರು. ಅವರು ಮುಟ್ಟುತ್ತಿರುವುದರಿಂದಲೂ ಅದು ಆರಿಸಿಕೊಂಡಿರಬಹುದು, ಆದರೆ ಹಟದಿಂದಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿಯೂ ಮನೆಮನೆಗೆ ಬೆಕ್ಕುಗಳಿದ್ದುವಲ್ಲ, ಇಂಥ ರಗಳೆಯನ್ನು ಕೇಳಿರಲಿಲ್ಲವೆಂದು ಹಿರಿಯರು ಹೇಳಬಹುದು. ನಿಜ. ಆಗ ಹಿತ್ತಿಲ ಬಾಗಿಲು ಹಗಲೆಲ್ಲ ತೆರೆದಿರುತ್ತಿದ್ದಿತು. ಹಿತ್ತಿಲಲ್ಲಿ ಹಲಸಿನ ಮರವೋ ನುಗ್ಗೆಯ ಮರವೋ ಇರುತ್ತಿದ್ದಿತು. ಸೌದೆಯ ಒಟ್ಟಲು ಇರುತ್ತಿದ್ದಿತು. ಬೆಕ್ಕು ಕೆರೆಯುತ್ತಲೇ ಇದ್ದಿತು, ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಒಳಗಾದರೂ ಏನಿದ್ದಿತು? ಚಾಪೆ, ಮಣೆ, ಒಂದೆರಡು ಮಂಚ, ಅಷ್ಟೆ. ಈಗ ಮೂರನೆಯ ಅಂತಸ್ತಿನ ಮನೆಯಲ್ಲಿ, ನಯವಾದ ಕಲ್ಲಿನ ನೆಲದ ಮೇಲೆ, ಬಣ್ಣ ಹೊಡೆದ ಗೋಡೆಗಳ ನಡುವೆ ಇರುವ ಬೆಕ್ಕಿಗೆ ಮರವೆಂಬುದೇ ಇಲ್ಲ. ಸೋಫಾ, ಕುರ್ಚಿ, ಹಾಸಿಗೆಯ ಅಂಚು, ಬಾಗಿಲ ಪರದೆ ಇವೇ ಅದರ ಹಿತ್ತಿಲು.

ಇನ್ನು ಗದರಿಸುವ, ಹೊಡೆಯುವ ವಿಚಾರ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಮಕ್ಕಳಿಲ್ಲ. ಕೃಷ್ಣದೇವರಾಯನು ಬೆಕ್ಕುಗಳನ್ನೂ ಅವಕ್ಕೆ ಹಾಲಿಗಾಗಿ ಹಸುಗಳನ್ನೂ ಕೊಡಿಸಿದನಂತೆ. ರಾಮಕೃಷ್ಣನು ತನ್ನ ಪಾಲಿನ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲನ್ನು ಕಂಡರೆ ಓಡುತ್ತಿದ್ದಿತು. ಆ ಕಥೆಯನ್ನು ಕೇಳಿ ನಾವೆಲ್ಲರೂ ನಕ್ಕಿರುವೆವು, ಬೆಕ್ಕಿನ ಪಾಡನ್ನು ಮಾತ್ರ ಯಾರೂ ವಿಚಾರಿಸಿದ್ದಿಲ್ಲ. ಅದಿರಲಿ. ನೋವು ಯಾವುದರಿಂದ ಬಂದಿತೆಂದು ಬೆಕ್ಕಿಗೆ ತೋರುವುದೋ ಅದಕ್ಕೇ ಅದು ಹೆದರುವುದೆಂಬುದು ಆ ಕಥೆಯಲ್ಲಿರುವ ದಿಟವಾದ ಸಂಗತಿ. ಕುರ್ಚಿಯನ್ನು ಕೆರೆದುದಕ್ಕಾಗಿ ನಾವು ಹೊಡೆದರೆ ನೋವು ಬಂದದ್ದು ಕುರ್ಚಿಯಿಂದಲ್ಲ, ನಮ್ಮ ಕೈಯಿಂದ. ಬೆಕ್ಕು ನಮ್ಮ ಕೈಯನ್ನು ಕಂಡು ಓಡುವುದನ್ನು ಕಲಿಯುವುದು, ನಾವಿಲ್ಲದಾಗ ಬಂದು ಕುರ್ಚಿಯನ್ನು ಕೆರೆಯುವುದು. ಅಲ್ಲದೆ ಭಯಗೊಂಡ ಬೆಕ್ಕು ತನ್ನ ಗುರುತನ್ನು ಇನ್ನೂ ಹೆಚ್ಚಾಗಿ ಹಾಕುವುದೆಂಬುದನ್ನು ಮರೆಯಕೂಡದು. ಮನೆಗೆ ಹೊಸ ಬೆಕ್ಕು ಬಂದಾಗ, ಮನೆ ಬದಲಾಯಿಸಿದಾಗ, ಈ ಕೆರೆತವು ಒಮ್ಮೆಲೆ ಹೆಚ್ಚುವುದು ಇದೇ ಕಾರಣದಿಂದ.

ಹೊಡೆಯುವುದಕ್ಕಿಂತಲೂ ಅಪಾಯಕರವಾದ ಉಪಾಯಗಳು ಕೆಲವು ಬಾಯಿಂದ ಬಾಯಿಗೆ ಹರಡಿವೆ. ಕುರ್ಚಿಯ ಕಾಲಿಗೆ ಮೆಣಸಿನ ಪುಡಿಯನ್ನು ಸವರುವುದು ಒಂದು. ಬೆಕ್ಕು ಅದೇ ಪಾದದಿಂದ ಮುಖ ತೊಳೆಯುವ ಪ್ರಾಣಿ. ಪುಡಿ ಕಣ್ಣಿಗೆ ಹೋಗುವುದು. ಫಿನಾಯಿಲನ್ನು ಚಿಮುಕಿಸುವುದು, ನ್ಯಾಫ್ತಲೀನಿನ ನುಸಿಗುಳಿಗೆಗಳನ್ನು ಕಟ್ಟಿಡುವುದು, ನೀಲಗಿರಿ ಎಣ್ಣೆಯನ್ನೋ ಕಿತ್ತಳೆಯ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನೋ ಹಚ್ಚುವುದು ಇನ್ನೂ ಕೆಟ್ಟದ್ದು. ನಮ್ಮ ಯಕೃತ್ತು ಅರಗಿಸಿ ಹೊರದೂಡಬಲ್ಲ ಕೆಲವು ದ್ರವ್ಯಗಳನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಮೈಗೆ, ಕಾಲಿಗೆ ತಗುಲಿದ್ದೆಲ್ಲವನ್ನೂ ಅದು ನೆಕ್ಕಿ ಒಳಕ್ಕೆ ತೆಗೆದುಕೊಳ್ಳುವುದರಿಂದ, ನಮಗೆ ಬರಿಯ ವಾಸನೆಯಾಗಿರುವುದು ಅದಕ್ಕೆ ವಿಷವಾಗುವುದು. ಕುರ್ಚಿಯನ್ನು ಉಳಿಸಲು ಹೋಗಿ ಮಗುವಿನ ಕಣ್ಣೆದುರಿಗೆ ಬೆಕ್ಕನ್ನು ಕಳೆದುಕೊಳ್ಳುವ ಪ್ರಸಂಗ ಯಾರಿಗೂ ಬಾರದಿರಲಿ. ಇಂಥವನ್ನು ಈಗಾಗಲೇ ಹಚ್ಚಿದ್ದರೆ ಈ ದಿನವೇ ಸೋಪಿನ ನೀರಿನಿಂದ ಒರಸಿಬಿಡಿ.

ಹಾಗಾದರೆ ಮಾಡತಕ್ಕದ್ದೇನು? ಕುರ್ಚಿಗಿಂತ ಹೆಚ್ಚು ರುಚಿಸುವ ವಸ್ತುವೊಂದನ್ನು ಬೆಕ್ಕಿಗೆ ಒದಗಿಸಬೇಕು. ಅದನ್ನು ಕುರ್ಚಿಯ ಮಗ್ಗುಲಲ್ಲಿಯೇ ಇಡಬೇಕು. ಪೇಟೆಯಲ್ಲಿ ಇದಕ್ಕೆಂದೇ ಮಾಡಿದ ಕಂಬಗಳು ದೊರೆಯುವುವು. ಅವುಗಳಲ್ಲಿ ಬಹಳವು ಒಂದೂವರೆ ಅಡಿಯ ಆಟದ ಸಾಮಾನುಗಳಂತಿದ್ದು, ಬೆಕ್ಕು ಒಮ್ಮೆ ಎಳೆದರೆ ಉರುಳುವುವು. ಒಮ್ಮೆ ಉರುಳಿದ ಕಂಬದ ಬಳಿಗೆ ಬೆಕ್ಕು ಮತ್ತೆ ಹೋಗುವುದು ಕಷ್ಟ. ಆದುದರಿಂದ ಮನೆಯಲ್ಲಿಯೇ ಮಾಡಿಕೊಳ್ಳುವುದು ಮೇಲು.

ಸೌದೆಯ ಮಂಡಿಯಲ್ಲಿ ನಾಲ್ಕಂಗುಲ ದಪ್ಪದ, ಮೂರಡಿ ಉದ್ದದ ಸರ್ವೆ ಮರದ ತುಂಡೊಂದನ್ನು ಕೇಳಿ ತನ್ನಿರಿ. ಬೆಕ್ಕು ಪೂರ್ಣವಾಗಿ ಮೈನೀಡಿ ನಿಂತಾಗ ಅದರ ಮುಂಗಾಲು ಎಟಕುವ ಎತ್ತರಕ್ಕಿಂತ ಕಂಬವು ಹೆಚ್ಚಾಗಿರತಕ್ಕದ್ದು. ಮೂರಡಿ ಎಂದದ್ದು ಅದಕ್ಕಾಗಿ. ಎರಡಡಿ ಚೌಕದ ದಪ್ಪ ಹಲಗೆಯ ನಡುವೆ ಅದನ್ನು ನಿಲ್ಲಿಸಿ, ಅಡಿಯಿಂದ ಉದ್ದವಾದ ತಿರುಪುಮೊಳೆಗಳನ್ನು ಹಾಕಿಸಿರಿ. ಹಲಗೆ ಹಗುರವಾದರೆ ಅದರ ಮೇಲೆ ಹಳೆಯ ರುಬ್ಬುಗುಂಡನ್ನಿಡಬಹುದು. ಯಂತ್ರ ಬಂದ ಮೇಲೆ ಅದಕ್ಕೂ ಬೇರೆ ಕೆಲಸವಿಲ್ಲ. ಬಳಿಕ ಅರ್ಧ ಅಂಗುಲ ದಪ್ಪದ ಹಗ್ಗವನ್ನು ಬುಡದಿಂದ ತುದಿಯವರೆಗೆ ಸುತ್ತು ಸುತ್ತಿಗೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಬೇಕು. ಇಂಥ ಕಂಬಕ್ಕೆ ಸುಮಾರು 85 ಅಡಿ ಹಗ್ಗ ಹಿಡಿಯುವುದು. ಅಂಗಡಿಯಲ್ಲಿ 90 ಅಡಿಯನ್ನೇ ತೆಗೆದುಕೊಳ್ಳಿರಿ. ತುದಿಗಳನ್ನು ಸಣ್ಣ ಮೊಳೆಯಿಂದ ಬಡಿದು, ಮೊಳೆಯ ತಲೆ ಹೊರಕ್ಕೆ ಕಾಣದಂತೆ ಮಾಡಬೇಕು. ಘಾಟಿನ ಅಂಟನ್ನು ಬಳಸಕೂಡದು. ಹಗ್ಗಗಳಲ್ಲಿ ಕತ್ತಾಳೆಯ ಜಾತಿಯ ನಾರಿನದು ಉತ್ತಮ. ಅದು ಸಿಕ್ಕದಿದ್ದರೆ ತೆಂಗಿನ ನಾರಿನದಾದರೂ ಆದೀತು, ಧೂಳು ಸ್ವಲ್ಪ ಹೆಚ್ಚು ಉದುರುವುದು. ಎಲ್ಲವೂ ಮುಗಿದ ಮೇಲೆ ಕಂಬದ ತುದಿಯನ್ನು ನಿಮ್ಮ ಕೈಯಿಂದಲೇ ಜಗ್ಗಿ ನೋಡಿರಿ. ಅಲುಗಿದರೆ ಬಡಗಿಯನ್ನು ಮತ್ತೆ ಕರೆಯಿಸಿ.

ಕೆಲವು ಬೆಕ್ಕುಗಳು ನಿಂತಿರುವ ವಸ್ತುವನ್ನೊಲ್ಲದೆ ನೆಲದ ಮೇಲಿನ ಜಮಖಾನೆಯನ್ನೇ ಕೆರೆಯುವುವು. ಅಂಥವಕ್ಕೆ ಗೋಣಿಯನ್ನು ಮಡಿಸಿ ಒಂದು ಹಲಗೆಗೆ ಬಿಗಿದಿಟ್ಟರೆ ಸಾಕು. ಬೆಕ್ಕು ಈವರೆಗೆ ಯಾವುದನ್ನು ಕೆರೆದಿದೆ, ನಿಂತು ಕೆರೆದಿದೆಯೇ ಕೂತು ಕೆರೆದಿದೆಯೇ ಎಂಬುದನ್ನು ಒಂದೆರಡು ದಿನ ನೋಡಿದರೆ ಇದು ತಿಳಿಯುವುದು.

ಈಗ ಕುರ್ಚಿ. ಕೆರೆದ ಭಾಗವನ್ನು ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿ ಹಳೆಯ ವಾಸನೆಯನ್ನು ತೆಗೆಯಿರಿ. ಬೆತ್ತವು ಒಣಗಿದ ಮೇಲೆ, ಕಾಲಿಗೂ ಬೆನ್ನಿಗೂ ಉಗುರು ಸಿಕ್ಕದಂಥ ನುಣುಪಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಬಿಗಿಯಾಗಿ ಕಟ್ಟಿರಿ. ಎರಡು ಮಗ್ಗುಲೂ ಅಂಟಿರುವ ಅಗಲವಾದ ಟೇಪು ದೊರೆಯುವುದು. ಅದನ್ನು ಹಾಳೆಯ ಮೇಲೆ ಅಂಟಿಸಿರಿ, ಮರದ ಮೇಲೆ ನೇರವಾಗಿ ಅಂಟಿಸಿದರೆ ಮೆರುಗು ಕಿತ್ತುಬಂದೀತು. ಪಾದಕ್ಕೆ ಅಂಟು ತಗುಲುವುದು ಬೆಕ್ಕಿಗೆ ಸೇರದು, ಅದರಿಂದ ನೋವೂ ಇಲ್ಲ. ನೋಡುವುದಕ್ಕೆ ಇದು ಚೆನ್ನಾಗಿರುವುದಿಲ್ಲ, ಅದರಲ್ಲಿಯೂ ಅತ್ತೆಯವರಿಗೆ. ಕುರ್ಚಿಯ ಕೈಗಳನ್ನು ಮಾತ್ರ ಮುಚ್ಚದೆ ಬಿಡಿ.

ಕಂಬವನ್ನು ಕುರ್ಚಿಗೆ ತಗುಲಿದಂತೆಯೇ ಇಡಬೇಕೆಂದು ಹೇಳಿದೆವಷ್ಟೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ; ಕಂಬವು ಅಂದಗೆಡಿಸುವುದೆಂದು ಅದನ್ನು ಹಿಂದಿನ ಮೊಗಸಾಲೆಗೆ ಸಾಗಿಸಿ, ಬೆಕ್ಕು ಅದನ್ನು ಮೂಸಿಯೂ ನೋಡಲಿಲ್ಲವೆಂದು ದೂರುವರು. ಬೆಕ್ಕಿನ ಕಾಲನ್ನು ಹಿಡಿದು ಕಂಬಕ್ಕೆ ತಿಕ್ಕಿಸಿ ಕಲಿಸುವ ಪ್ರಯತ್ನವೂ ಬೇಡ. ಹಿಡಿಸಿಕೊಳ್ಳುವುದು ಅದಕ್ಕೆ ಹಿಡಿಸದು. ಕಂಬದ ಮೇಲ್ತುದಿಯಿಂದ ಒಂದು ದಾರವನ್ನು ಇಳಿಬಿಟ್ಟು ಆಡಿಸಿದರೆ ಅದನ್ನು ಹಿಡಿಯಲು ನೆಗೆದು ತಾನಾಗಿಯೇ ಉಗುರನ್ನು ಹಗ್ಗಕ್ಕೆ ಸಿಕ್ಕಿಸುವುದು. ಕೆರೆದ ಆ ಕ್ಷಣದಲ್ಲಿಯೇ ಅದಕ್ಕೆ ಪ್ರಿಯವಾದ ತಿನಿಸನ್ನು ಒಂದು ಚೂರು ಕೊಡಬೇಕು. ಐದು ನಿಮಿಷ ಕಳೆದು ಕೊಟ್ಟರೆ ಏತಕ್ಕೆ ಕೊಟ್ಟಿರೆಂಬುದು ಅದಕ್ಕೆ ತಿಳಿಯದು. ನಮ್ಮ ರಸ್ತೆಯ ಬದಿಗಳಲ್ಲಿ ಕಳೆಯಂತೆ ಬೆಳೆಯುವ ಕುಪ್ಪಿಗಿಡದ ಬೇರು ಬೆಕ್ಕುಗಳನ್ನು ಬಹಳವಾಗಿ ಸೆಳೆಯುವುದು. ಬೇರನ್ನು ಜಜ್ಜಿ ಹಗ್ಗಕ್ಕೆ ಉಜ್ಜಿ ನೋಡಬಹುದು. ತಿನ್ನಲು ಹಾಕುವುದು ಬೇಡ. ಕೆಲವು ಬೆಕ್ಕುಗಳು ವಾರದಲ್ಲಿಯೇ ಕಂಬಕ್ಕೆ ಒಗ್ಗುವುವು, ಕೆಲವಕ್ಕೆ ತಿಂಗಳಿಗೂ ಮೇಲಾಗುವುದು. ಪೂರ್ತಿಯಾಗಿ ಒಗ್ಗಿದ ಮೇಲೆ ಕಂಬವನ್ನು ದಿನಕ್ಕೆ ನಾಲ್ಕೈದು ಅಂಗುಲದಂತೆ ಸರಿಸುತ್ತ, ನಡುಮನೆಯಲ್ಲಿಯೇ ಬೇರೊಂದು ಜಾಗಕ್ಕೆ ಒಯ್ಯಬಹುದು. ಹಗ್ಗ ಕಿತ್ತು ಜೂಲಾಯಿತೆಂದು ಕಂಬವನ್ನು ಬೇಗ ಎಸೆಯಬೇಡಿ. ಬೆಕ್ಕಿನ ಪಾಲಿಗೆ ಅದು ಆಗಲೇ ಅತ್ಯಂತ ಚೆಲುವಾದದ್ದು.

ಹೊರಗೆ ಹೋಗದೆ ಒಳಗೇ ಇರುವ ಬೆಕ್ಕಾದರೆ ಎರಡು ಮೂರು ವಾರಗಳಿಗೊಮ್ಮೆ ಉಗುರಿನ ಮೊನೆಯನ್ನು ಕತ್ತರಿಸಬಹುದು. ಊಟವಾದ ಮೇಲೆ ಮಡಿಲಲ್ಲಿ ತೂಕಡಿಸುತ್ತಿರುವಾಗ ಬೆರಳನ್ನು ಮೇಲಿನಿಂದಲೂ ಕೆಳಗಿನಿಂದಲೂ ಮೆಲ್ಲಗೆ ಒತ್ತಿದರೆ ಉಗುರು ಹೊರಕ್ಕೆ ಬರುವುದು. ಒಳಗೆ ನಸುಗೆಂಪಾದ ಭಾಗ ಕಾಣುವುದು, ಅದರಲ್ಲಿ ರಕ್ತವೂ ನರವೂ ಇರುವುವು. ಅದನ್ನು ಮುಟ್ಟದೆ, ಗಾಜಿನಂತೆ ತಿಳಿಯಾದ ತುದಿಯನ್ನು ಮಾತ್ರ ಕತ್ತರಿಸಬೇಕು. ದಿನಕ್ಕೆ ಎರಡು ಉಗುರಾದರೆ ಸಾಕು. ಹೊರಗೆ ತಿರುಗಾಡುವ ಬೆಕ್ಕಿಗೆ ಹೀಗೆ ಮಾಡಕೂಡದು, ನಾಯಿ ಅಟ್ಟಿಬಂದಾಗ ಮರವೇರುವುದಕ್ಕೆ ಅದಕ್ಕೆ ಬೇರೆ ಆಧಾರವಿಲ್ಲ. ಈ ಕೆಲಸದಲ್ಲಾಗಲಿ ಆಟದಲ್ಲಾಗಲಿ ಬೆಕ್ಕು ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಹುಚ್ಚು ನಾಯಿಯಿಂದ ಬರುವ ರೇಬೀಸ್ ರೋಗವು ಬೆಕ್ಕಿನಿಂದಲೂ ಬರಬಲ್ಲುದು. ಬೆಕ್ಕಿಗೆ ಆ ಲಸಿಕೆಯನ್ನು ಹಾಕಿಸಿದಿರೋ ಇಲ್ಲವೋ ಎಂಬುದನ್ನು ಸೋದರಿಯವರು ಬರೆದಿಲ್ಲ. ಇಲ್ಲವಾದರೆ ಕಂಬಕ್ಕಿಂತ ಮೊದಲು ಅದನ್ನು ಹಾಕಿಸಿ.

ಯಜಮಾನರ ಸ್ನೇಹಿತರೊಬ್ಬರು, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಿಂದ ಉಗುರುಗಳನ್ನೇ ತೆಗೆಸಿಬಿಡುವರು, ಇಲ್ಲಿಯೂ ಹಾಗೆ ಮಾಡಿಸಬಾರದೇಕೆ ಎಂದರಂತೆ. ಉಗುರು ತೆಗೆಯುವುದೆಂಬ ಮಾತು ಕೇಳುವುದಕ್ಕೆ ಹಗುರ. ಬೆಕ್ಕಿನ ಉಗುರು ಬೆರಳಿನ ಕೊನೆಯ ಎಲುಬಿನಿಂದಲೇ ಹುಟ್ಟುವುದರಿಂದ ಆ ಎಲುಬನ್ನೇ ಕತ್ತರಿಸಿ ತೆಗೆಯಬೇಕಾಗುವುದು. ನಮ್ಮ ಪ್ರತಿ ಬೆರಳನ್ನೂ ಕೊನೆಯ ಗಿಣ್ಣಿಗೆ ಕತ್ತರಿಸಿದಂತೆ. ಹಾಗೆ ಮಾಡಿಸಿಕೊಂಡ ಬೆಕ್ಕುಗಳಲ್ಲಿ ನೋವಿನಿಂದ ಮರಳಿನ ತಟ್ಟೆಯನ್ನು ಬಿಟ್ಟು ಕಂಡಕಂಡಲ್ಲಿ ಹೊಲಸುಮಾಡುವುದು, ಉಗುರಿಲ್ಲದ್ದರಿಂದ ಕಚ್ಚುವುದು ಹೆಚ್ಚಾಗಿ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ 2006ನೆಯ ಇಸವಿಯ ಕಾನೂನಿನಿಂದ ಇದು ನಿಷಿದ್ಧವಾಯಿತು. ಅಮೆರಿಕದಲ್ಲಿಯೇ ನ್ಯೂಯಾರ್ಕ್ ಸಂಸ್ಥಾನವು 2019ರಲ್ಲಿ ಇದನ್ನು ನಿಷೇಧಿಸಿತು. ನಮ್ಮಲ್ಲಿ, ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯವಿದುಷಿ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆಯುವ ಅಧಿನಿಯಮದಲ್ಲಿ ಪ್ರಾಣಿಗಳ ಅಂಗಚ್ಛೇದವನ್ನು ಅಪರಾಧವೆಂದು ಬರೆದಿದೆ.

ಅದೇ ಅಧಿನಿಯಮದಲ್ಲಿ ಇನ್ನೊಂದು ಮಾತೂ ಇದೆ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆದುಬಿಡುವುದೂ ಅಪರಾಧ. ಬೆಕ್ಕನ್ನು ಕೊಂದವರು ಕಾಶಿಗೆ ಹೋಗಿ ಚಿನ್ನದ ಬೆಕ್ಕನ್ನು ದಾನಮಾಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹೆದರಿಕೆಯಿಂದಲೇ ಇರಬೇಕು, ಕೊಲ್ಲದೆ ಚೀಲದಲ್ಲಿ ಹಾಕಿ ಬಿಟ್ಟುಬರುವ ವಾಡಿಕೆ ಬಂದದ್ದು. ಆದರೆ ಎರಡು ವರ್ಷ ಮನೆಯೊಳಗೇ ಬೆಳೆದು, ಕರೆದು ಹಾಕಿದ ಅನ್ನವನ್ನೇ ಉಂಡ ಬೆಕ್ಕು, ಮಾರುಕಟ್ಟೆಯ ಬೀದಿನಾಯಿಗಳ ನಡುವೆ, ಬೇರೆ ಬೆಕ್ಕುಗಳ ಸೀಮೆಯಲ್ಲಿ ಎಷ್ಟು ದಿನ ಬದುಕೀತು? ಕೊಲ್ಲುವ ಕೆಲಸವನ್ನು ನಾಯಿಗಳಿಗೆ ಒಪ್ಪಿಸಿದಂತಾಗುವುದಷ್ಟೆ. ಈ ಮಾತನ್ನು ಸೋದರಿಯವರು ಹೇಳುವುದು ಕಷ್ಟವಾದರೆ ಈ ಪುಟವನ್ನು ಯಜಮಾನರ ಮೇಜಿನ ಮೇಲೆ ತೆರೆದಿಟ್ಟರೂ ಆದೀತು.

ಅವರು ಕೊಟ್ಟ ಒಂದು ತಿಂಗಳ ಗಡುವು ಈ ಕೆಲಸಕ್ಕೆ ಸಾಲದು. ಎರಡು ತಿಂಗಳನ್ನು ಕೇಳಿಕೊಳ್ಳಿ. ಅಷ್ಟರಲ್ಲಿ ಹಗ್ಗವನ್ನು ಸುತ್ತುವ ಕೆಲಸವನ್ನು ಅವರಿಗೇ ಒಪ್ಪಿಸಿದರೆ ಇನ್ನೂ ಒಳ್ಳೆಯದು, 85 ಅಡಿ ಹಗ್ಗವನ್ನು ಬಿಗಿಯಾಗಿ ಸುತ್ತಲು ಗಂಡಸಿನ ಕೈಯೇ ಬೇಕು. ತಿನಿಸು ಕೊಡುವ ಕೆಲಸ ಮಗುವಿನದಾಗಲಿ. ಬೆತ್ತ ಹೆಣೆಯುವವನನ್ನು ಮಾತ್ರ ಈಗಲೇ ಕರೆಯಿಸಬೇಡಿ. ಬೆಕ್ಕು ಒಂದು ತಿಂಗಳು ಪೂರ್ತಿ ಕುರ್ಚಿಯ ಕಡೆಗೆ ಹೋಗದೆ ಕಂಬವನ್ನೇ ಕೆರೆದ ಮೇಲೆ, ಹಾಳೆಯನ್ನು ಬಿಚ್ಚಿ, ಹೊಸ ಬೆತ್ತವನ್ನು ಹಾಕಿಸಿ. ಯಾವ ಬಗೆಯ ಹೆಣಿಗೆ ಇರಬೇಕೆಂಬುದನ್ನು ಅತ್ತೆಯವರನ್ನೇ ಕೇಳಿರಿ.